ಎಣ್ಣೆ ಜೊತೆ ಎನರ್ಜಿ ಡ್ರಿಂಕ್, ಕಾಫಿ ಬೆರೆಸಿದ್ರೆ ನಶೆಗೆ ಏನಾಗತ್ತೆ, ಲೆಕ್ಕ ಇಟ್ಕೊಳೋದು ಹೇಗೆ

ವೋಡ್ಕಾಗೆ ಎನರ್ಜಿ ಡ್ರಿಂಕ್ ಸುರ್ಕೊಳೋರು, ರಮ್ಮಿಗೆ ಕೋಲಾ ಹಾಕೋರು, ಊಟ ಆದ್ಮೇಲೆ ಕಾಫಿ ಕಾಕ್ಟೇಲ್ ಕೇಳೋರು, ಎಲ್ಲ ಮುಗಿದ್ಮೇಲೆ "ಒಂದು ಸ್ಟ್ರಾಂಗ್ ಕಾಫಿ ಕುಡಿ, ಇಳಿಯತ್ತೆ" ಅಂತ ಸಲಹೆ ಕೊಡೋರು, ಇವರೆಲ್ಲ ಮಾಡ್ತಿರೋದು ಒಂದೇ ಕೆಲಸ, ಮದ್ಯ ಮತ್ತೆ ಕೆಫೀನ್ ಎರಡನ್ನೂ ಒಂದೇ ರಾತ್ರಿ ಒಳಗೆ ಇಳಿಸೋದು. ಇದನ್ನ ಸುಮಾರು ಜನ ತೀರಾ ಮಾಮೂಲಿ ವಿಷಯ ಅನ್ಕೊಂಡಿರ್ತಾರೆ. ನನಗೆ ಹಾಗನ್ಸಲ್ಲ, ಯಾಕಂದ್ರೆ ಎಣ್ಣೆ ಸಾಕು ಅಂತ ನಮಗೆ ಹೇಳೋದೇ ನಿದ್ದೆ ಮತ್ತೆ ಸುಸ್ತು, ಕೆಫೀನ್ ಮೊದಲು ಹೊಡೆಯೋದೂ ಅದನ್ನೇ. ಕುಡೀಲೇಬೇಡಿ ಅಂತ ಪಾಠ ಹೇಳೋಕೆ ಬರೀತಿಲ್ಲ. ಕುಡಿಯೋರು ಏನನ್ನ ನಂಬಬಾರದು, ಏನನ್ನ ಎಣಿಸ್ಬೇಕು ಅಂತ ಒಂದೊಂದೇ ಹೆಜ್ಜೆ ಹೇಳ್ತೀನಿ.

ಮೊದಲು ಒಳಗೆ ಏನ್ ನಡೀತಿದೆ ಅಂತ ತಿಳ್ಕೊಳಿ

ನಮ್ಮ ಮೆದುಳಲ್ಲಿ ಅಡೆನೋಸಿನ್ ಅಂತ ಒಂದು ರಾಸಾಯನಿಕ ಇದೆ. ಎಚ್ಚರ ಇದ್ದಷ್ಟು ಹೊತ್ತೂ ಅದು ಸೇರ್ಕೊಂಡು ಹೋಗತ್ತೆ, ಜಾಸ್ತಿ ಆದಷ್ಟೂ ತೂಕಡಿಕೆ. ಮದ್ಯ ಈ ಅಡೆನೋಸಿನ್‌ನ ಇನ್ನೂ ಹೆಚ್ಚಿಸತ್ತೆ, ಕುಡಿದ್ಮೇಲೆ ಕಣ್ಣು ಎಳೆಯೋದಕ್ಕೆ ಇದೂ ಒಂದು ಕಾರಣ. ಕೆಫೀನ್ ಮಾಡೋದು ಏನಂದ್ರೆ ಅಡೆನೋಸಿನ್ ಹೋಗಿ ಕೂರೋ ಜಾಗದಲ್ಲಿ ತಾನೇ ಹೋಗಿ ಕೂತ್ಬಿಡತ್ತೆ. ಅಷ್ಟೇ, ನಿದ್ದೆ ಸಿಗ್ನಲ್ ಮುಟ್ಟಲ್ಲ.

ಆದ್ರೆ ಮದ್ಯದ ಕೆಲಸ ಅಡೆನೋಸಿನ್ ಒಂದರ ಮೂಲಕ ಮಾತ್ರ ನಡೆಯಲ್ಲ. ಗಾಬಾ, ಗ್ಲುಟಮೇಟ್ ಅಂತ ಮೆದುಳಲ್ಲಿ ಸಂದೇಶ ಸಾಗಿಸೋ ಬೇರೆ ವ್ಯವಸ್ಥೆಗಳ ಮೇಲೂ ಅದು ಕೈ ಹಾಕತ್ತೆ, ನಡಿಗೆ ತಪ್ಪೋದು, ಮಾತು ತೊದಲೋದು, ಯೋಚನೆ ಮಾಡದೆ ಕೆಲಸ ಮಾಡೋದು, ಮರುದಿನ ನೆನಪೇ ಇಲ್ದೇ ಇರೋದು, ಇದೆಲ್ಲ ಬಹಳಷ್ಟು ಅಲ್ಲಿಂದ ಬರೋದು. ಅದಕ್ಕೆ ಕೆಫೀನ್ ಹತ್ರ ಮದ್ದಿಲ್ಲ. ರಕ್ತದಲ್ಲಿರೋ ಮದ್ಯದ ಪ್ರಮಾಣನ ಕೆಫೀನ್ ಒಂದು ಚೂರೂ ಇಳಿಸಲ್ಲ. ಮದ್ಯನ ಕರಗಿಸೋದು ಹೆಚ್ಚಾಗಿ ಲಿವರ್, ಅದು ತನ್ನ ಸ್ಪೀಡಲ್ಲೇ ಕೆಲಸ ಮಾಡತ್ತೆ, ನೀವು ಕಾಫಿ ಕುಡಿದ್ರೂ ಅಷ್ಟೇ, ತಣ್ಣೀರು ಸ್ನಾನ ಮಾಡಿದ್ರೂ ಅಷ್ಟೇ. ಕುಕ್ಕರ್ ಕೂಗಿಲ್ಲ ಅಂದ್ರೆ ಒಳಗೆ ಪ್ರೆಶರ್ ಇಲ್ಲ ಅಂತಲ್ಲ ಅಲ್ವಾ, ಇದೂ ಹಾಗೇ.

ಇದನ್ನ ಪರೀಕ್ಷೆ ಮಾಡಿಯೂ ನೋಡಿದಾರೆ. 2006ರಲ್ಲಿ ಬ್ರೆಜಿಲ್‌ನ ಸಂಶೋಧಕರು 26 ಯುವಕರ ಮೇಲೆ ಮಾಡಿದ ಪ್ರಯೋಗ ಒಂದಿದೆ. ಬರೀ ಮದ್ಯ ಕುಡಿದ ದಿನಕ್ಕೆ ಹೋಲಿಸಿದ್ರೆ ಎನರ್ಜಿ ಡ್ರಿಂಕ್ ಬೆರೆಸಿ ಕುಡಿದ ದಿನ ಅವರಿಗೆ ತಲೆನೋವು, ನಿಶ್ಶಕ್ತಿ, ಬಾಯಿ ಒಣಗೋದು, ಕೈಕಾಲು ಹಿಡಿತ ತಪ್ಪೋದು ಎಲ್ಲ ಕಮ್ಮಿ ಅನ್ಸಿತ್ತು. ಅನ್ಸಿತ್ತು ಅಷ್ಟೇ! ಅದೇ ಹೊತ್ತಲ್ಲಿ ಅಳತೆ ಮಾಡಿ ನೋಡಿದಾಗ ಕೈಕಾಲಿನ ಹೊಂದಾಣಿಕೆ, ಕಣ್ಣಿಗೆ ಕಂಡಿದ್ದಕ್ಕೆ ಪ್ರತಿಕ್ರಿಯೆ ಕೊಡೋ ವೇಗ ಎರಡೂ ಬರೀ ಮದ್ಯ ಕುಡಿದ ದಿನದಷ್ಟೇ ಕೆಟ್ಟಿದ್ವು, ಉಸಿರಲ್ಲಿ ಮದ್ಯದ ಪ್ರಮಾಣವೂ ಕಮ್ಮಿ ಆಗಿರಲಿಲ್ಲ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ತಿಳ್ಕೊಬೇಕಾದ ಒಂದೇ ಸಂಗತಿ ಅಂದ್ರೆ ಇದು.

ಇನ್ನೊಂದು ಮಾತನ್ನೂ ನಿಯತ್ತಾಗಿ ಹೇಳ್ಬೇಕು. "ಎಷ್ಟು ನಶೆ ಏರಿದೆ" ಅಂತ ನೇರವಾಗಿ ಕೇಳಿದ್ರೆ ಎಲ್ಲ ಅಧ್ಯಯನದಲ್ಲೂ ಒಂದೇ ಉತ್ತರ ಬಂದಿಲ್ಲ, ಕೆಲವು ಕಡೆ ಕೆಫೀನ್ ಇದ್ರೂ ಇಲ್ದಿದ್ರೂ ನಶೆ ಅಷ್ಟೇ ಅಂದವರೂ ಇದಾರೆ. ಅದರ ಮೇಲೆ ನಂಬಿಕೆಯ ಆಟ ಬೇರೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ಯಾರಿಸ್‌ನ 154 ಯುವಕರಿಗೆ ಒಂದೇ ಕಾಕ್ಟೇಲ್ ಕೊಟ್ಟು ಹೆಸರು ಮಾತ್ರ ಬೇರೆ ಬೇರೆ ಹೇಳಿದ್ರು. ಎನರ್ಜಿ ಡ್ರಿಂಕ್ ಹೆಸರು ಕೇಳಿ ಕುಡಿದವರಿಗೆ ತಾವು ಜಾಸ್ತಿ ಟೈಟ್ ಆಗಿದೀವಿ ಅನ್ಸಿತ್ತು, ಗ್ಲಾಸಲ್ಲಿ ಇದ್ದಿದ್ದು ಎಲ್ಲರಿಗೂ ಅದೇ. ಅಂದ್ರೆ ನಿಮ್ಮ "ಅನ್ನಿಸಿಕೆ" ಅತ್ಲಾಗೂ ಜಾರತ್ತೆ, ಇತ್ಲಾಗೂ ಜಾರತ್ತೆ. ಅಧ್ಯಯನಗಳಲ್ಲಿ ಪದೇ ಪದೇ ಕಂಡಿರೋದು ಎರಡು ವಿಷಯ: ಸುಸ್ತು ಕಮ್ಮಿ ಅನ್ಸತ್ತೆ, ಇನ್ನೊಂದು ಹಾಕೋಣ ಅನ್ನೋ ಆಸೆ ಜಾಸ್ತಿ ಆಗತ್ತೆ. ಅಪಾಯ ಇರೋದು ಈ ಎರಡು ಒಟ್ಟಿಗೆ ಬಂದಾಗ.

ಹೆಜ್ಜೆ 1: ಗ್ಲಾಸಲ್ಲಿ ಎಷ್ಟು ಕೆಫೀನ್ ಇದೆ ನೋಡಿ

ಎಲ್ಲ ಮಿಕ್ಸಿಂಗೂ ಒಂದೇ ಅಲ್ಲ. 330 ಎಂಎಲ್ ಕೋಲಾದಲ್ಲಿ ಇರೋದು ಸುಮಾರು 30ರಿಂದ 40 ಮಿಲಿಗ್ರಾಂ ಕೆಫೀನ್, ರಮ್ಮಿಗೆ ಅರ್ಧ ಗ್ಲಾಸ್ ಹಾಕ್ಕೊಂಡ್ರೆ ಅದಕ್ಕಿಂತಲೂ ಕಮ್ಮಿ. ಮಾಮೂಲಿ 250 ಎಂಎಲ್ ಎನರ್ಜಿ ಡ್ರಿಂಕ್ ಕ್ಯಾನಲ್ಲಿ ಸುಮಾರು 80, ದೊಡ್ಡ ಕ್ಯಾನ್ ಆದ್ರೆ 150, 160ರ ತನಕ ಹೋಗತ್ತೆ. ಒಂದು ಕಪ್ ಫಿಲ್ಟರ್ ಕಾಫಿ 80ರಿಂದ 100ರ ಆಸುಪಾಸು, ಎಷ್ಟು ಗಟ್ಟಿ ಮಾಡ್ತೀರಿ ಅನ್ನೋದರ ಮೇಲೆ. ಲೇಬಲ್ ಮೇಲೆ ಗೌರಾನಾ ಅಂತ ಬರೆದಿದ್ರೆ ಅದೂ ಕೆಫೀನೇ, ಗಿಡದಿಂದ ಬಂದಿದ್ದು ಅಂತ ಬೇರೆ ಏನೋ ಅನ್ಕೋಬೇಡಿ.

ಆರೋಗ್ಯವಾಗಿರೋ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ, ಒಂದೇ ಸಲಕ್ಕೆ 200ರ ತನಕ ತೊಂದ್ರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳತ್ತೆ. ಬೆಳಗ್ಗಿಂದ ಆಫೀಸಲ್ಲಿ ಮೂರು ಕಾಫಿ ಆಗಿದೆ, ರಾತ್ರಿ ಎರಡು ಕ್ಯಾನ್ ಅಂದ್ರೆ ಅಲ್ಲಿಗೆ 400 ದಾಟಿದ ಹಾಗೇನೇ, ಜನ ರಾತ್ರಿದು ಮಾತ್ರ ಎಣಿಸ್ತಾರೆ, ಬೆಳಗ್ಗಿನ ಕಾಫಿ ಯಾರ ಲೆಕ್ಕಕ್ಕೂ ಬರಲ್ಲ.

ಗರ್ಭಿಣಿಯರು ಮತ್ತೆ 18 ತುಂಬದವರು ಈ ಲೆಕ್ಕಕ್ಕೇ ಬರೋದು ಬೇಡ, ಅವರಿಗೆ ಮದ್ಯವೇ ಬೇಡ. ಹಾರ್ಟ್ ಬೀಟ್ ಏರುಪೇರು, ಬಿಪಿ, ಪ್ಯಾನಿಕ್ ಅಟ್ಯಾಕ್ ತೊಂದ್ರೆ ಇರೋರು ಬೆರೆಸೋದನ್ನ ಪೂರ್ತಿ ಬಿಡಿ. ಮಾತ್ರೆ ತಗೊಳೋರು ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಒಂದ್ಸಲ ಕೇಳಿ: ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್, ಫ್ಲುವಾಕ್ಸಮೈನ್ ಅನ್ನೋ ಖಿನ್ನತೆ ಮಾತ್ರೆ ಕೆಫೀನ್ ಕರಗೋದನ್ನ ನಿಧಾನ ಮಾಡ್ತವೆ, ಗರ್ಭನಿರೋಧಕ ಮಾತ್ರೆ ಕೂಡ ಹಾಗೇ. ನಿದ್ದೆ ಮಾತ್ರೆ ತಗೊಳೋರು ಎಣ್ಣೆ ಮುಟ್ಟೋದೇ ಬೇಡ, ಉಸಿರಾಟ ನಿಂತು ಹೋಗೋ ಅಪಾಯ ಇದೆ.

ಹೆಜ್ಜೆ 2: ಮದ್ಯನ ಗ್ರಾಂ ಲೆಕ್ಕದಲ್ಲಿ ಎಣಿಸಿ

ಸುಲಭದ ಸೂತ್ರ: ಎಂಎಲ್ ಅನ್ನ ಶೇಕಡಾ ಮದ್ಯದಿಂದ ಗುಣಿಸಿ, 100ರಿಂದ ಭಾಗಿಸಿ, ಆಮೇಲೆ 0.8ರಿಂದ ಗುಣಿಸಿ. ಶೇ. 40ರ ವೋಡ್ಕಾ 60 ಎಂಎಲ್ ಅಂದ್ರೆ ಸುಮಾರು 19 ಗ್ರಾಂ ಶುದ್ಧ ಮದ್ಯ. ಶೇ. 5ರ ಬಿಯರ್ 330 ಎಂಎಲ್ ಅಂದ್ರೆ ಸುಮಾರು 13 ಗ್ರಾಂ.

ಲಿವರ್ ಗಂಟೆಗೆ ಕರಗಿಸೋದು ಅಂದಾಜು 7ರಿಂದ 10 ಗ್ರಾಂ ಅಷ್ಟೇ, ಮನುಷ್ಯನಿಂದ ಮನುಷ್ಯನಿಗೆ ಹೆಚ್ಚು ಕಮ್ಮಿ ಆಗತ್ತೆ. ಹಾಗಾಗಿ ಒಂದು ಲಾರ್ಜ್, ಅಂದ್ರೆ 60 ಎಂಎಲ್, ಪೂರ್ತಿ ಹೋಗೋಕೆ ಎರಡರಿಂದ ಮೂರು ಗಂಟೆ ಬೇಕು. ರಾತ್ರಿ 8ಕ್ಕೆ ಶುರು ಮಾಡಿ ನಾಲ್ಕು ಲಾರ್ಜ್ ಹಾಕಿದ್ರೆ 76 ಗ್ರಾಂ ಆಯ್ತು, ಅದು ಖಾಲಿ ಆಗೋ ಹೊತ್ತಿಗೆ ಬೆಳಗಿನ ಜಾವ 4 ಗಂಟೆಯಿಂದ 7 ಗಂಟೆ. ಮಧ್ಯರಾತ್ರಿ ಕುಡಿದ ಕಾಫಿ ಈ ಲೆಕ್ಕದಲ್ಲಿ ಒಂದು ನಿಮಿಷನೂ ಕಮ್ಮಿ ಮಾಡಲ್ಲ.

ಎಣಿಸೋದು ಹೇಗೆ ಅಂದ್ರೆ ಶುರು ಮಾಡೋಕೆ ಮುಂಚೆನೇ ಫೋನಲ್ಲಿ ನೋಟ್ ತೆಗೆದು ಇವತ್ತು ಇಷ್ಟೇ ಅಂತ ಬರ್ಕೊಳಿ, ಪ್ರತಿ ಗ್ಲಾಸ್ ಬಂದಾಗ ಟೈಮ್ ಹಾಕಿ. ಎರಡನೇ ಗ್ಲಾಸ್ ಆದ್ಮೇಲೆ ನಿರ್ಧಾರ ಮಾಡ್ತೀನಿ ಅಂದ್ರೆ ಆಗಲ್ಲ, ಆಗ ನಿರ್ಧಾರ ಮಾಡ್ತಿರೋದು ಎಣ್ಣೆ. ಬೇರೆಯವರು ನಿಮ್ಮ ಗ್ಲಾಸ್ ಅರ್ಧ ಇರೋವಾಗ್ಲೇ ಮತ್ತೆ ತುಂಬಿಸೋಕೆ ಬಿಡ್ಬೇಡಿ, ಲೆಕ್ಕ ತಪ್ಪೋದೇ ಅಲ್ಲಿ. ಮನೇಲಿ ಕೈ ಅಳತೇಲಿ ಸುರಿಯೋದಾದ್ರೆ ಒಂದ್ಸಲ ಅಳತೆ ಲೋಟದಲ್ಲಿ ಚೆಕ್ ಮಾಡಿ, 60 ಅಂತ ಸುರಿದಿದ್ದು 80, 90 ಆಗಿರತ್ತೆ.

ಹೆಜ್ಜೆ 3: ಬೆರೆಸೋದೇ ಆದ್ರೆ ಏನ್ ಬೆರೆಸ್ಬೇಕು

ಕೆಫೀನ್ ಇಲ್ದೇ ಇರೋದು. ನೀರು, ಜ್ಯೂಸ್, ನಿಂಬೆ ಸೋಡಾ, ಯಾವುದಾದ್ರೂ ಸರಿ. ಇದಕ್ಕಿಂತ ಒಳ್ಳೆ ಉಪಾಯ ನನ್ನ ಹತ್ರ ಇಲ್ಲ. ರೆಡಿಮೇಡ್ ಆಗಿ ಬೆರೆಸಿ ಮಾರೋದನ್ನೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರ ನವೆಂಬರ್‌ನಲ್ಲಿ ತಡೆದಿತ್ತು, ಮಾಲ್ಟ್ ಮದ್ಯಕ್ಕೆ (ಬಿಯರ್ ಥರದ್ದು) ಕೆಫೀನ್ ಸೇರಿಸೋದು ಸುರಕ್ಷಿತ ಅಲ್ಲ ಅಂತ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸ್ತು, ಆಮೇಲೆ ಆ ಡ್ರಿಂಕ್‌ಗಳಿಂದ ಕೆಫೀನ್ ತೆಗೆದ್ರು. ಆದ್ರೆ ಗ್ಲಾಸಲ್ಲಿ ನಾವೇ ಬೆರೆಸ್ಕೊಳೋದನ್ನ ಯಾವ ಇಲಾಖೆ ಬಂದು ತಡಿಯೋಕಾಗತ್ತೆ ಹೇಳಿ.

ಎರಡು ಸಣ್ಣ ವಿಷಯ ಗಮನದಲ್ಲಿರ್ಲಿ. ಗ್ಯಾಸ್ ಇರೋ ಮಿಕ್ಸಿಂಗ್ ಹಲವರಲ್ಲಿ ಮದ್ಯನ ರಕ್ತಕ್ಕೆ ಬೇಗ ಸೇರಿಸತ್ತೆ, 2007ರ ಒಂದು ಅಧ್ಯಯನದಲ್ಲಿ 21 ಜನರಲ್ಲಿ 14 ಜನಕ್ಕೆ ಹಾಗಾಗಿತ್ತು, ಎಲ್ಲರಿಗೂ ಆಗತ್ತೆ ಅಂತಲ್ಲ. ಸೋಡಾ ಹಾಕ್ಕೊಳೋರು ಅದಕ್ಕೇ ನಿಧಾನಕ್ಕೆ ಕುಡೀರಿ. ಎರಡನೇದು ಡಯಟ್ ಡ್ರಿಂಕ್. ಸಕ್ಕರೆ ಇಲ್ಲ ಅಂದ್ರೆ ಹೊಟ್ಟೆ ಬೇಗ ಖಾಲಿ ಆಗಿ ಮದ್ಯ ಸಣ್ಣ ಕರುಳಿಗೆ ಬೇಗ ಇಳಿಯತ್ತೆ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಯಟ್ ಡ್ರಿಂಕ್ ಜೊತೆ ಕುಡಿದವರ ಉಸಿರಲ್ಲಿ ಮದ್ಯದ ಗರಿಷ್ಠ ಮಟ್ಟ ಶೇ. 18ರಷ್ಟು ಜಾಸ್ತಿ ಇತ್ತು, ಅವರಿಗೆ ಮಾತ್ರ ಯಾವ ವ್ಯತ್ಯಾಸವೂ ಗೊತ್ತಾಗ್ಲಿಲ್ಲ. ಶುಗರ್ ಫ್ರೀ ಎನರ್ಜಿ ಡ್ರಿಂಕ್ ಜೊತೆ ಸ್ಪಿರಿಟ್ ಹಾಕೋರು ಸ್ವಲ್ಪ ಯೋಚನೆ ಮಾಡಿ: ಗ್ಯಾಸೂ ಇದೆ, ಸಕ್ಕರೆನೂ ಇಲ್ಲ, ಕೆಫೀನೂ ಇದೆ.

ಖಾಲಿ ಹೊಟ್ಟೇಲಿ ಶುರು ಮಾಡ್ಬೇಡಿ. ಇದು ಎಲ್ಲರಿಗೂ ಗೊತ್ತಿರೋ ಮಾತು, ಆದ್ರೂ ಮೊದಲ ಗ್ಲಾಸ್ ಹೋಗೋದು ಖಾಲಿ ಹೊಟ್ಟೆಗೇ.

ಹೆಜ್ಜೆ 4: "ನಂಗೇನೂ ಆಗಿಲ್ಲ" ಅನ್ನೋದನ್ನ ನಂಬಬೇಡಿ, ನಿಮ್ಮದೂ ಸೇರಿ

ಒಂದು ಪಾರ್ಟಿಲಿ ನಾನು ಹತ್ತಿರದಿಂದ ನೋಡಿದ್ದು ಹೇಳ್ತೀನಿ. ಗೆಳೆಯ ಒಬ್ಬ ಪೂರ್ತಿ ಸಂಜೆ ವೋಡ್ಕಾ ಎನರ್ಜಿ ಡ್ರಿಂಕ್‌ನಲ್ಲೇ ಇದ್ದ. ರಾತ್ರಿ ಒಂದು ಗಂಟೆಗೆ ಉಳಿದವರೆಲ್ಲ ಸೋಫಾ ಮೇಲೆ ಬಿದ್ದಿದ್ರೆ ಇವನು ನಿಂತ್ಕೊಂಡು ಪಟಪಟ ಅಂತ ಮಾತಾಡ್ತಿದ್ದ, ಕಣ್ಣು ಅಗಲ, ಮಾತು ಒಂಚೂರೂ ತೊದಲ್ತಿಲ್ಲ. ಬೈಕ್ ಕೀ ತಗೊಂಡು ಹೊರಟ. "ಮಗಾ, ನಂಗೇನೂ ಆಗಿಲ್ಲ ಕಣೋ, ನೋಡು ಎಷ್ಟು ಫ್ರೆಶ್ ಆಗಿದೀನಿ" ಅಂದ. "ಸರಿ, ಫೋನ್ ಲಾಕ್ ತೆಗ್ದು ಮನೆಗೆ ಒಂದು ಮೆಸೇಜ್ ಹಾಕು, ಆಮೇಲೆ ಹೋಗು" ಅಂದೆ. ಪಿನ್ ತಪ್ಪಾಯ್ತು, ಮತ್ತೆ ತಪ್ಪಾಯ್ತು, ಬೆರಳು ಪಕ್ಕದ ಅಂಕಿ ಮೇಲೆ ಬೀಳ್ತಾನೇ ಇತ್ತು, ಕೊನೆಗೆ ಲಾಕ್ ತೆಗೆದು ಬರೆದ ಎರಡು ಸಾಲಲ್ಲಿ ಒಂದು ಪದನೂ ನೆಟ್ಟಗಿರಲಿಲ್ಲ. ಅವನಿಗೆ ಅದು ಕಾಣ್ತಾನೂ ಇರಲಿಲ್ಲ. ಅವತ್ತು ಕೀ ಇಸ್ಕೊಂಡು ಅಲ್ಲೇ ಮಲಗಿಸಿದ್ವಿ.

ಇದೇನೋ ಪಕ್ಕಾ ಟೆಸ್ಟ್ ಅಂತ ತಿಳ್ಕೋಬೇಡಿ, ಪಿನ್ ಸರಿಯಾಗಿ ಹಾಕಿದ ಅಂದ್ರೆ ಗಾಡಿ ಓಡಿಸ್ಬಹುದು ಅಂತ ಅರ್ಥ ಅಲ್ಲ. ಎಚ್ಚರ ಇರೋದೂ ನೆಟ್ಟಗಿರೋದೂ ಬೇರೆ ಬೇರೆ ಅಂತ ತೋರಿಸೋಕೆ ಹೇಳಿದೆ. ಗಾಡಿ ವಿಷಯದಲ್ಲಿ ನಂದು ಒಂದೇ ನಿಲುವು, ಕುಡಿದ ರಾತ್ರಿ ಓಡಿಸೋದು ಬೇಡ, ಎಷ್ಟು ಫ್ರೆಶ್ ಅನ್ಸಿದ್ರೂ ಬೇಡ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆಯಲ್ಲಿ, ಬೆರೆಸಿ ಕುಡಿಯೋರು ಗಾಯ ಮಾಡ್ಕೊಳೋದು, ಕುಡಿದವನ ಗಾಡಿ ಹತ್ತೋದು ಎಲ್ಲ ಬರೀ ಮದ್ಯ ಕುಡಿಯೋರಿಗಿಂತ ಜಾಸ್ತಿ ಕಂಡಿತ್ತು. ಬೆರೆಸೋರು ಮೊದಲೇ ಸ್ವಲ್ಪ ಧೈರ್ಯದ ಸ್ವಭಾವದವರೂ ಇರಬಹುದು, ಸಮೀಕ್ಷೆಯಿಂದ ಕಾರಣ ಪೂರ್ತಿ ಸಾಬೀತಾಗಲ್ಲ. ಆದ್ರೆ ಹೊರಗೆ ಬರೋ ಮುಂಚೆನೇ ವಾಪಸ್ ಹೋಗೋ ಕ್ಯಾಬೋ, ಕುಡಿಯದ ಗೆಳೆಯನೋ ಅಂತ ಗೊತ್ತು ಮಾಡ್ಕೊಳೋಕೆ ಅಷ್ಟು ಸಾಕು.

ಹೆಜ್ಜೆ 5: ಈಗಾಗ್ಲೇ ಬೆರೆಸಿ ಕುಡಿದಾಗಿದ್ರೆ

ಗಾಬರಿ ಬೇಡ. ಎರಡನ್ನೂ ಅಲ್ಲಿಗೆ ನಿಲ್ಲಿಸಿ, ನೀರು ಕುಡೀರಿ, ಏನಾದ್ರೂ ತಿನ್ನಿ, ಒಬ್ಬರೇ ಇರ್ಬೇಡಿ. ನೀರು ನಶೆ ಇಳಿಸಲ್ಲ, ಮದ್ಯ ಮೂತ್ರ ಜಾಸ್ತಿ ಮಾಡಿಸಿ ಒಣಗಿಸಿರೋದಕ್ಕೆ ಮಾತ್ರ ನೀರು. ಎದೆ ಡವಡವ ಅನ್ನೋದು, ಕೈ ನಡುಗೋದು ಕೆಫೀನ್ ಜಾಸ್ತಿ ಆದ್ರೆ ಬರತ್ತೆ, ಕೂತ್ಕೊಂಡು ನಿಧಾನಕ್ಕೆ ಉಸಿರಾಡಿ. ಎದೆ ನೋವು, ಉಸಿರು ಕಟ್ಟೋದು, ತಲೆ ಸುತ್ತಿ ಬೀಳೋ ಹಾಗಾಗೋದು, ಬಡಿತ ತಾಳ ತಪ್ಪಿ ಹೊಡ್ಕೊಳೋದು ಇದ್ರೆ ಮಾತ್ರ ಬೆಳಗ್ಗೆ ತನಕ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ. ಆರೋಗ್ಯವಾಗಿ ಇದ್ದವರಿಗೂ ಜಾಸ್ತಿ ಕುಡಿದ ಮೇಲೆ ಹೃದಯದ ಲಯ ತಪ್ಪೋದುಂಟು, ಡಾಕ್ಟರುಗಳು ಇದನ್ನ 1970ರ ದಶಕದಿಂದಲೇ ಗುರುತಿಸಿದಾರೆ.

ಮದ್ಯ ವಿಷ ಆಗಿರೋ ಲಕ್ಷಣ ಇವು, ದಯವಿಟ್ಟು ನೆನಪಲ್ಲಿಟ್ಕೊಳಿ: ಅಲ್ಲಾಡಿಸಿದ್ರೂ ಎಚ್ಚರ ಆಗ್ತಿಲ್ಲ, ಅರೆಪ್ರಜ್ಞೆಯಲ್ಲಿ ವಾಂತಿ, ಫಿಟ್ಸ್, ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ ಉಸಿರು, ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡಿಗಿಂತ ಜಾಸ್ತಿ ಗ್ಯಾಪ್, ತುಟಿ ಉಗುರು ನೀಲಿ, ಮೈ ತಣ್ಣಗೆ. ಎಲ್ಲವೂ ಒಟ್ಟಿಗೆ ಕಾಣ್ಲಿ ಅಂತ ಕಾಯ್ಬೇಡಿ, ಒಂದು ಕಂಡ್ರೂ ಆಂಬುಲೆನ್ಸ್ ಕರೀರಿ. ಒಂದು ಪಕ್ಕಕ್ಕೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕಿಡಿ, ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಬಾಯಿ ಕೆಳಮುಖ ಇರ್ಲಿ, ವಾಂತಿ ಆದ್ರೆ ಹೊರಗೆ ಹೋಗ್ಬೇಕು, ಉಸಿರ್ನಾಳಕ್ಕೆ ಇಳೀಬಾರದು. ಬಾಯಿಗೆ ಕಾಫಿ ಸುರಿಯೋದು, ನಡೆದಾಡಿಸೋದು, ತಣ್ಣೀರು ಹಾಕೋದು, ಬೆರಳು ಹಾಕಿ ವಾಂತಿ ಮಾಡಿಸೋದು ಯಾವುದೂ ಬೇಡ. "ಮಲಗಿ ಎದ್ರೆ ಸರಿ ಹೋಗ್ತಾನೆ ಬಿಡು" ಅಂತ ರೂಮ್ ಬಾಗಿಲು ಹಾಕಿ ಬರೋದಂತೂ ಬೇಡವೇ ಬೇಡ, ಹೊಟ್ಟೇಲಿರೋ ಎಣ್ಣೆ ಇನ್ನೂ ರಕ್ತಕ್ಕೆ ಸೇರ್ತಾ ಇರತ್ತೆ, ಪ್ರಜ್ಞೆ ತಪ್ಪಿದ್ಮೇಲೂ ಮಟ್ಟ ಏರಬಹುದು. ಆಂಬುಲೆನ್ಸ್‌ನವರಿಗೆ ಎನರ್ಜಿ ಡ್ರಿಂಕ್ ಬೆರೆಸಿದ್ದೂ ಹೇಳಿ, ಎಷ್ಟು ಕ್ಯಾನ್ ಅಂತ ಅಂದಾಜೂ ಕೊಡಿ.

ಹೆಜ್ಜೆ 6: ಮಲಗೋದು, ಮರುದಿನ

ಕೆಫೀನ್ ಅರ್ಧ ಆಗೋಕೆ ಸಾಮಾನ್ಯವಾಗಿ ಐದು ಗಂಟೆ ಹತ್ರ ಬೇಕು. ರಾತ್ರಿ 10ಕ್ಕೆ ಎರಡು ಕ್ಯಾನ್ ಕುಡಿದ್ರೆ ಬೆಳಗಿನ ಜಾವ 3ಕ್ಕೂ ಒಂದು ಕ್ಯಾನಿನಷ್ಟು ಒಳಗೇ ಇರತ್ತೆ. 2013ರ ಒಂದು ಅಧ್ಯಯನದಲ್ಲಿ ಮಲಗೋಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರ ನಿದ್ದೆಯಲ್ಲಿ ಒಂದು ಗಂಟೆಗೂ ಮೀರಿ ಖೋತಾ ಆಗಿತ್ತು. ಮದ್ಯನೂ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಕೆಡಿಸತ್ತೆ, ಎರಡೂ ಸೇರಿದ್ರೆ ಮಲಗಿದ ಹಾಗೂ ಇರಲ್ಲ ಎದ್ದ ಹಾಗೂ ಇರಲ್ಲ. ನಿದ್ದೆ ಬರ್ತಿಲ್ಲ ಅಂತ ಇನ್ನೊಂದು ಪೆಗ್ ಹಾಕೋದೋ ನಿದ್ದೆ ಮಾತ್ರೆ ನುಂಗೋದೋ ಮಾಡ್ಬೇಡಿ, ಸುಮ್ನೆ ಲೈಟ್ ಆರಿಸಿ ಬಿದ್ಕೊಳಿ.

ಬೆಳಗ್ಗೆ ಎದ್ದಾಗ ತಲೆನೋವು ಇದ್ರೆ ನೀರು, ತಿಂಡಿ, ರೆಸ್ಟ್. ದಿನಾ ಕಾಫಿ ಕುಡಿಯೋರಿಗೆ ಒಂದು ಸಣ್ಣ ಕಪ್ ತೊಂದ್ರೆ ಇಲ್ಲ, ಅಭ್ಯಾಸ ಇರೋರಿಗೆ ಕಾಫಿ ಇಲ್ದೇನೂ ತಲೆನೋವು ಬರತ್ತೆ. ಜಾಸ್ತಿ ಕುಡಿದ ಮರುದಿನ ಪ್ಯಾರಸಿಟಮಾಲ್ ನುಂಗೋಕೆ ಹೋಗ್ಬೇಡಿ, ಲಿವರ್ ಮೇಲೆ ಭಾರ. ಐಬುಪ್ರೊಫೆನ್ ಹೊಟ್ಟೆ ಉರಿಸತ್ತೆ. ಹೆಜ್ಜೆ 2ರಲ್ಲಿ ಬರ್ಕೊಂಡ ನೋಟ್ ತೆಗೆದು ಗ್ರಾಂ ಲೆಕ್ಕ ಹಾಕಿ, ಗಂಟೆಗೆ 7 ಗ್ರಾಂ ಅಂತ ನಿಧಾನದ ಲೆಕ್ಕವನ್ನೇ ಹಿಡೀರಿ, ಎಷ್ಟೊತ್ತಿಗೆ ಸೊನ್ನೆ ಬರತ್ತೆ ನೋಡಿ, ಅದಕ್ಕೆ ಇನ್ನೊಂದೆರಡು ಗಂಟೆ ಸೇರಿಸಿ. ನೋಟ್ ಅರ್ಧಕ್ಕೇ ನಿಂತಿದ್ರೆ, ಎಷ್ಟು ಕುಡಿದೆ ಅಂತ ನೆನಪೇ ಇಲ್ಲ ಅಂದ್ರೆ, ನಿಲ್ಲಿಸಿ ಬಂದ ಗಾಡಿ ತರೋಕೆ ಸಂಜೆ ಮೇಲೆ ಹೋಗಿ, ಇಲ್ಲಾ ಕುಡಿಯದೇ ಇದ್ದವರ ಕೈಲಿ ತರಿಸ್ಕೊಳಿ.